ಜಪಾನಿನ ಬಿಸಿನೀರಿನ ಸ್ಕೀ ಊರುಗಳು: ನಿಸೆಕೊ, ನೊಜಾವಾ, ಝಾವೊ, ಕುಸಾತ್ಸು – ನಮ್ಮಂಥ ಮನಿಗೆ ಯಾವ್ದು ಹೊಂದ್ತದ?

ಗುಡಿ ಓಣಿ, ಕಲಬುರಗಿ

ನಮಸ್ಕಾರ್ರಿ. ಜನವರಿ ಕಡೀ ವಾರ ಇಲ್ಲಾ ಫೆಬ್ರವರಿ ಮೊದಲ ವಾರ, ಎಂಟು ದಿನ ಜಪಾನಿಗೆ ಹೊಂಟೀವಿ, ಐದು ಮಂದಿ. ತಮ್ಮ, ತಮ್ಮನ ಹೆಣ್ತಿ ಸ್ಕೀಯಿಂಗ್ ಕಲೀಬೇಕಂತಾರ, ಇಬ್ಬರಿಗೂ ಹೊಸದು. ನಾನು, ಅಪ್ಪ, ಅವ್ವ ಹಿಮ ನೋಡಿ ಬಿಸಿನೀರಿನ ಬುಗ್ಗಿಯೊಳಗ ಕೂತ್ರ ಸಾಕು ಅನ್ನೋರು. ಅಪ್ಪಗ 68, ಬಿಪಿ ಗುಳಿಗಿ ನಡದಾವ. ಅವ್ವಗ ಮೊಣಕಾಲು ನೋವು, ಪಾವಟಿಗಿ ಇಳಿಯೋದಂದ್ರ ಕಷ್ಟ. ಮನ್ಯಾಗ ಯಾರೂ ಮೊಟ್ಟಿ ಸೈತ ತಿನ್ನಂಗಿಲ್ಲ.

ಓದಿ ಓದಿ ನಾಲ್ಕು ಊರಿಗೆ ಬಂದು ನಿಂತೀನಿ: ನಿಸೆಕೊ, ನೊಜಾವಾ ಒನ್ಸೆನ್, ಝಾವೊ ಒನ್ಸೆನ್, ಕುಸಾತ್ಸು (ಒನ್ಸೆನ್ ಅಂದ್ರ ಬಿಸಿನೀರಿನ ಬುಗ್ಗಿ). ಎಲ್ಲಾ ಕಡಿ ಛಲೋ ಹಿಮ, ಛಲೋ ನೀರು ಅಂತನೇ ಬರ್ದಾರ. ನಮಗ ಯಾವ್ದು ಹೊಂದ್ತದ, ಯಾಕ ಹೊಂದ್ತದ ಅಂತ ಬಿಡಿಸಿ ಹೇಳ್ರಿ. ಊಟದ್ದೂ ಹೇಳ್ರಿ.

ಬರೀದಶಾಹಿ, ಬೀದರ್

ನಿಸೆಕೊ ಬಿಟ್ಟುಬಿಡಿ. ಅದಿರುವುದು ಹೊಕ್ಕೈಡೊ ದ್ವೀಪದಲ್ಲಿ. ಟೋಕಿಯೊದಿಂದ ಇನ್ನೊಂದು ವಿಮಾನ ಹತ್ತಿ ಶಿನ್ ಚಿತೋಸೆಯಲ್ಲಿ ಇಳಿದು, ಅಲ್ಲಿಂದ ಮತ್ತೆ ಎರಡೂವರೆ-ಮೂರು ತಾಸು ಬಸ್ಸು. ಪಳಗಿದವರು ಅಲ್ಲಿಗೆ ಹೋಗುವುದು ಮೊಣಕಾಲುದ್ದ ಬೀಳುವ ಒಣ ಪುಡಿ ಹಿಮಕ್ಕಾಗಿ. ಕಲಿಯುವವರಿಗೆ ಅದು ಉಪಯೋಗವಿಲ್ಲ, ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರು ಬೇಕು, ಅದು ಎಲ್ಲ ಊರಲ್ಲೂ ಇದೆ. ನಿಸೆಕೊದಲ್ಲಿ ಇಡೀ ಬೆಟ್ಟದ ಒಂದು ದಿನದ ಲಿಫ್ಟ್ (ಮೇಲೆ ಏರಿಸುವ ತೂಗುಕುರ್ಚಿ) ಟಿಕೆಟ್ಟೇ 10,000 ಯೆನ್ ದಾಟುತ್ತದೆ. ನೂರು ಯೆನ್ನಿಗೆ 55-60 ರೂಪಾಯಿ ಅಂತ ಹಿಡಿಯಿರಿ.

ಕುಸಾತ್ಸುವಿನಲ್ಲಿ ನೀರೇ ದೊಡ್ಡದು, ಸ್ಕೀ ಚಿಕ್ಕದು. ಊರ ನಡುವೆ ಯುಬತಾಕೆ ಎಂಬ ಬಿಸಿನೀರಿನ ಹೊಂಡ, ಅದರಲ್ಲಿ ಮರದ ಕಾಲುವೆಗಳಲ್ಲಿ ನೀರು ಹರಿದು ಆರುತ್ತದೆ. ಊರಿನ ಬುಗ್ಗೆಗಳೆಲ್ಲ ಸೇರಿ ನಿಮಿಷಕ್ಕೆ 32,000 ಲೀಟರಿಗೂ ಹೆಚ್ಚು ನೀರು ತಾನಾಗಿ ಉಕ್ಕುತ್ತದೆ. ನೋಡಲು ಇದಕ್ಕಿಂತ ಚಂದದ ಊರಿಲ್ಲ. ಆದರೆ ಅಲ್ಲಿಗೆ ಶಿಂಕನ್ಸೆನ್, ಅಂದರೆ ಬುಲೆಟ್ ರೈಲು, ಹೋಗುವುದಿಲ್ಲ. ಉಎನೊ ಸ್ಟೇಷನ್ನಿನಿಂದ ಎರಡೂವರೆ ತಾಸಿನ ಎಕ್ಸ್‌ಪ್ರೆಸ್ ಹಿಡಿದು ನಾಗನೊಹರಾ-ಕುಸಾತ್ಸುಗುಚಿಯಲ್ಲಿ ಇಳಿದು, ಬಸ್ಸಿನಲ್ಲಿ 25 ನಿಮಿಷ.

ನನ್ನ ಮತ ನೊಜಾವಾ ಒನ್ಸೆನ್‌ಗೆ. ಟೋಕಿಯೊದಿಂದ ಹೊಕುರಿಕು ಶಿಂಕನ್ಸೆನ್‌ನಲ್ಲಿ ಈಯಾಮಾಕ್ಕೆ ಎರಡು ತಾಸಿನೊಳಗೆ, ಅಲ್ಲಿಂದ ಬಸ್ಸು 25 ನಿಮಿಷ. ರೈಲು ಹತ್ತುವಾಗ ಹೆಸರು ನೋಡಿ: ಹೆಚ್ಚಿನ ಹಾಕುತಾಕಾ ಗಾಡಿಗಳು ಈಯಾಮಾದಲ್ಲಿ ನಿಲ್ಲುತ್ತವೆ, ಕಾಗಾಯಾಕಿ ನಿಲ್ಲುವುದಿಲ್ಲ. ಕಾಗಾಯಾಕಿ ಹತ್ತಿದರೆ ನಾಗನೊದಲ್ಲಿ ಇಳಿದು ಇನ್ನೊಂದು ಗಾಡಿ ಕಾಯಬೇಕು.

ಬೆಟ್ಟದ ತುದಿ 1,650 ಮೀಟರ್, ಬುಡ 565. ಕೆಳಗೆ ಅಗಲವಾದ ಸುಲಭ ಇಳಿಜಾರುಗಳಿವೆ, ನಿಮ್ಮ ತಮ್ಮನವರಿಗೆ ಸಾಕು. ಊರೊಳಗೆ 13 ಸಾರ್ವಜನಿಕ ಸ್ನಾನದ ಮನೆಗಳು, ಸೊತೊಯು ಅನ್ನುತ್ತಾರೆ. ಟಿಕೆಟ್ ಇಲ್ಲ, ಬಾಗಿಲಲ್ಲಿ ಕಾಣಿಕೆ ಪೆಟ್ಟಿಗೆ. ತೊಳೆಯುವುದು, ದೀಪ ಹಾಕುವುದು, ಕಾಯುವುದು ಎಲ್ಲ ಊರವರದ್ದೇ. ಆ ಒಕ್ಕೂಟಕ್ಕೆ ಯು-ನಕಾಮಾ, ಅಂದರೆ ನೀರಿನ ಬಳಗ ಅಂತ ಹೆಸರು. ನಮ್ಮಲ್ಲಿ ಓಣಿಯವರು ಬಾವಿ ಕಾಯುತ್ತಿದ್ದ ಹಾಗೆ. ಓಗಾಮಾ ಎಂಬ ಬುಗ್ಗೆಯ ನೀರು 90 ಡಿಗ್ರಿ ಹತ್ತಿರ. ಹೆಂಗಸರು ಅದರಲ್ಲಿ ಸೊಪ್ಪು ಬೇಯಿಸುತ್ತಾರೆ. ಹೊರಗಿನವರು ಬೇಲಿ ಆಚೆಯಿಂದ ನೋಡಬಹುದು, ಒಳಗೆ ಹೋಗುವಂತಿಲ್ಲ.

ಜನವರಿ 15ಕ್ಕೆ ಅಲ್ಲಿ ದೋಸೋಜಿನ್ ಬೆಂಕಿ ಹಬ್ಬ. ಆ ಆಸುಪಾಸು ಕೋಣೆ ಸಿಗುವುದಿಲ್ಲ, ನಿಮ್ಮ ದಿನಗಳಿಗೆ ಆ ತೊಂದರೆ ಇಲ್ಲ.

ತಿಂಥಣಿ ಸೇತುವೆ, ಯಾದಗಿರಿ

ಬೀದರ್ ಅಣ್ಣಾವ್ರ ಹೇಳಿದ್ದು ಸ್ಕೀ ಮಾಡೋರಿಗೆ ಖರೇ ಅದ. ಆದ್ರ ಅವ್ವಾರ ಮೊಣಕಾಲು ಮರ್ತಾರ ಅನಸ್ತದ. ನೊಜಾವಾ ಊರು ಗುಡ್ಡದ ಹೊಟ್ಟಿ ಮ್ಯಾಲ ಅದ. ಓಣಿ ಎಲ್ಲಾ ಏರು-ಇಳಿಜಾರು, ಅದರ ಮ್ಯಾಲ ತುಳದು ಗಟ್ಟಿಯಾದ ಹಿಮ. ಸೊತೊಯು ಒಳಗ ಕಟ್ಟಿ ಎತ್ತರ, ಹಿಡ್ಕೊಳ್ಳಾಕ ಕಂಬಿ ಎಲ್ಲಾ ಕಡಿ ಇರಂಗಿಲ್ಲ. ನೀರಂತೂ ಸುಡ್ತದ, 44-45 ಡಿಗ್ರಿ ಮಾಮೂಲು. ಓಯು ಅನ್ನೋ ದೊಡ್ಡ ಮನ್ಯಾಗ ಎರಡು ತೊಟ್ಟಿ ಅವ, ಒಂದು ಅತ್ಸುಯು ಅಂದ್ರ ಬಿಸಿ, ಇನ್ನೊಂದು ನುರುಯು ಅಂದ್ರ ಉಗುರು ಬೆಚ್ಚಗಿನದು ಅಂತ ಹೆಸರು. ಹೊಸಬರಿಗೆ ಆ ನುರುಯುನೇ ಬಿಸಿ ಹತ್ತತದ. ತಣ್ಣೀರಿನ ನಳ ಇರ್ತದ, ಆದ್ರ ಊರಿನ ಮಂದಿ ಕೂತಿದ್ರ ಕೇಳದೇ ತಿರುಗಸಬ್ಯಾಡ್ರಿ.

ನಿಮ್ಮಂಥ ಮನಿಗೆ ಎಚಿಗೊ-ಯುಜಾವಾ ಛಲೋ. ಪಟ್ಟಿಯೊಳಗ ಬರ್ದಿಲ್ಲ ನೀವು. ಟೋಕಿಯೊದಿಂದ ಜೊಎತ್ಸು ಶಿಂಕನ್ಸೆನ್‌ದಾಗ ಒಂದೂಕಾಲು ತಾಸಿನಿಂದ ಒಂದೂವರೆ ತಾಸು. ಸ್ಟೇಷನ್ ಸುತ್ತಲಿನ ಹಾದಿ ಸಪಾಟ. ಬುಗ್ಗಿ ನೀರಿನ ಹೋಟೆಲು ಸ್ಟೇಷನ್ ಬಾಜೂಕ. ತಮ್ಮನೋರು ಮುಂಜಾನೆ ಮುಂದಿನ ಗಾಲಾ ಯುಜಾವಾ ಸ್ಟೇಷನ್ನಿಗೆ ಹೋದ್ರ, ಟಿಕೆಟ್ ಗೇಟ್ ದಾಟಿದ ಕೂಡ್ಲೇ ಸ್ಕೀ ಬಾಡಿಗಿ ಅಂಗಡಿ, ಅಲ್ಲಿಂದನೇ ಗುಡ್ಡ ಏರೋ ಗೊಂಡೊಲಾ ಡಬ್ಬಿ. ಆ ಸ್ಟೇಷನ್ ಸ್ಕೀ ಹಂಗಾಮಿನಾಗ ಅಷ್ಟೇ ತೆರೀತದ. ಅಪ್ಪ-ಅವ್ವಗ ಯುಜಾವಾ ಕೋಗೆನ್ ರೋಪ್‌ವೇ ಅದ, ಒಂದೇ ಡಬ್ಬಿಯೊಳಗ 166 ಮಂದಿ ನಿಂತ್ಕೊಂಡು ಮ್ಯಾಲ ಹೋಗ್ತಾರ. ಬೂಟು, ಕೋಲು ಏನೂ ಬೇಕಾಗಿಲ್ಲ.

ಎಂಟು ದಿನದಾಗ ಯುಜಾವಾ ಮೂರು ರಾತ್ರಿ, ಝಾವೊ ಎರಡು ರಾತ್ರಿ ಇಟ್ಕೊಳ್ರಿ. ನಿಮ್ಮ ತಾರೀಖಿಗೆ ಝಾವೊದ ಜುಹ್ಯೋ, ಅಂದ್ರ ಬರ್ಫು ಮೆತ್ತಿದ ಗಿಡ, ತಯಾರಾಗಿರ್ತಾವ, ಅದನ್ನ ಬಿಟ್ಟು ಬಂದ್ರ ಮನಸಿಗೆ ಹತ್ತತದ. ಸೈಬೀರಿಯಾ ಕಡಿಂದ ಬರೋ ತಣ್ಣನ ಗಾಳಿ ಜಪಾನ್ ಸಮುದ್ರದ ಬೆಚ್ಚನ ನೀರಿನ ಮ್ಯಾಲ ಹಾದು ಹಸಿ ತುಂಬ್ಕೋತದ. ಅದು ಗುಡ್ಡಕ್ಕ ಏರಿದಾಗ ಮೋಡದ ಹನಿ ಶೂನ್ಯದ ಕೆಳಗ ಇದ್ರೂ ಹೆಪ್ಪುಗಟ್ಟದೇ ನೀರಾಗೇ ಇರ್ತಾವ, ಗಿಡಕ್ಕ ಬಡದ ಕ್ಷಣ ಗಟ್ಟಿ ಆಗ್ತಾವ. ಅದಕ್ಕ ಬರ್ಫು ಗಾಳಿ ಬರೋ ದಿಕ್ಕಿಗೇ ಬೆಳೀತದ, ಸೀಗಡಿ ಬಾಲದಂಗ. ನಡುವ ಹಿಮ ತುಂಬಿ ಇಡೀ ಗಿಡ ಬಿಳಿ ಭೂತ ಆಗ್ತದ. ಸ್ಕೀ ಬರದೋರು ಝಾವೊ ರೋಪ್‌ವೇದಾಗ ಎರಡು ಹಂತ ಏರಿ 1,661 ಮೀಟರಿನ ಜಿಜೊ ಸಾಂಚೊ ಸ್ಟೇಷನ್ ಮುಟ್ಟಬೌದು. ಗಾಳಿ ಜೋರಿದ್ರ ಮ್ಯಾಲಿನ ಹಂತ ಬಂದ್ ಮಾಡ್ತಾರ. ಅದಕ್ಕೇ ಒಂದು ರಾತ್ರಿ ಸಾಲಲ್ಲ, ಎರಡು ಬೇಕು ಅಂದೆ.

ಯುಜಾವಾದಿಂದ ಟೋಕಿಯೊಕ್ಕ ವಾಪಸ್ ಹೋಗೋದು ಬ್ಯಾಡ. ಓಮಿಯಾದಾಗ ಇಳದು ಯಾಮಾಗಾತಾ ಕಡಿ ಹೋಗೋ ತ್ಸುಬಾಸಾ ಹಿಡೀರಿ. ತ್ಸುಬಾಸಾ ಎಲ್ಲಾ ಸೀಟೂ ರಿಸರ್ವೇಶನ್, ಮೊದಲೇ ಮಾಡಸ್ರಿ. ಯಾಮಾಗಾತಾದಿಂದ ಬಸ್ಸು 40 ನಿಮಿಷ.

ಬರೀದಶಾಹಿ, ಬೀದರ್

ಮೊಣಕಾಲಿನ ವಿಷಯ ಒಪ್ಪಿದೆ, ಅದನ್ನು ನಾನು ತೂಗಲಿಲ್ಲ. ಆದರೂ ಯುಜಾವಾ ಬಗ್ಗೆ ಒಂದು ಮಾತು. ಅದು ರೈಲು ಹಳಿ ಪಕ್ಕದ ಪಟ್ಟಣ. 1980ರ ದಶಕದ ಕೊನೆಯಲ್ಲಿ ಹಣ ಉಕ್ಕಿದಾಗ ಕಟ್ಟಿದ ಎತ್ತರದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳೇ ಕಣ್ಣಿಗೆ ಬೀಳುತ್ತವೆ. ಮರದ ಮನೆ, ಹಬೆಯಾಡುವ ಓಣಿ, ನಿಲುವಂಗಿ ತೊಟ್ಟು ಓಡಾಡುವ ಜನ ಅಂತ ಚಿತ್ರ ಇಟ್ಟುಕೊಂಡು ಹೋದರೆ ಮನಸ್ಸು ಮುದುಡುತ್ತದೆ. ಅದು ನೊಜಾವಾ, ಕುಸಾತ್ಸುವಿನಲ್ಲಿ ಸಿಗುವಷ್ಟು ಅಲ್ಲಿ ಸಿಗುವುದಿಲ್ಲ. ಹಿರಿಯರ ಕಾಲು ಮುಖ್ಯವೋ ಊರಿನ ಚಂದ ಮುಖ್ಯವೋ, ಮನೆಯಲ್ಲಿ ಕೂತು ತೀರ್ಮಾನಿಸಿ.

ಮಂಗಗಳು ಬಿಸಿನೀರಿನಲ್ಲಿ ಕೂರುವ ಜಿಗೊಕುದಾನಿಯನ್ನೂ ಯಾರಾದರೂ ಸೇರಿಸಿಕೊಳ್ಳಿ ಅನ್ನಬಹುದು. ಕಾನ್‌ಬಾಯಾಶಿ ಕಡೆಯಿಂದ ಕಾಡಿನ ಹಾದಿಯಲ್ಲಿ 1.6 ಕಿಲೋಮೀಟರ್ ನಡೆಯಬೇಕು, ಜನವರಿಯಲ್ಲಿ ಹಾದಿ ಗಾಜಿನಂತಿರುತ್ತದೆ. ನಿಮ್ಮ ತಾಯಿಯವರಿಗೆ ಬೇಡ.

ಗುಡಿ ಓಣಿ, ಕಲಬುರಗಿ

ಇಬ್ಬರಿಗೂ ಶರಣು. ಯುಜಾವಾ-ಝಾವೊ ಕಡೀನೇ ಮನಸ ವಾಲ್ಯದ. ಇನ್ನೆರಡು ಪ್ರಶ್ನಿ. ಅಪ್ಪನ ಕೊರಳಾಗ ಲಿಂಗ ಅದ, ಬೆಳ್ಳಿ ಕರಡಿಗಿ. ಅವ್ವನ ಕಾಲುಂಗುರ, ಕಾಲ್ಚೈನು ಎಲ್ಲಾ ಬೆಳ್ಳಿ. ಆ ನೀರಿಗೆ ಕಪ್ಪಾಗ್ತದ ಅಂತ ಕೇಳೀನಿ, ಖರೇ ಏನು? ಮತ್ತ ಎಲ್ಲಾರ ಎದುರು ಬಟ್ಟಿ ಇಲ್ಲದೇ ಇಳೀಬೇಕಂತ, ಅವ್ವ ಒಪ್ಪಲ್ಲ. ಬೀದರಿನ ನರಸಿಂಹ ಝರಣಿಯೊಳಗ ಹೋದಂಗ ಬಟ್ಟಿ ಮ್ಯಾಲ ಹೋಗಾಕ ಬರಲ್ಲೇನು?

ಆಳಂದ ನಾಕಾ

ಬಟ್ಟೆ ಮೇಲೆ ಬರಲ್ಲ ಅಕ್ಕಾರ. ಝರಣಿಯಲ್ಲಿ ಎದೆಮಟ್ಟ ನೀರಿನಲ್ಲಿ ಉಟ್ಟ ಸೀರೆಯಲ್ಲೇ ನಡೆದು ಹೋಗ್ತೀವಿ, ಅದು ದರ್ಶನದ ಹಾದಿ. ಒನ್ಸೆನ್ ತೊಟ್ಟಿ ಮೈ ತೊಳೆಯುವ ಜಾಗವೂ ಅಲ್ಲ. ತೊಳೆದುಕೊಂಡ ಮೇಲೆ ಕೂರುವ ಜಾಗ. ಅದಕ್ಕೇ ಬಟ್ಟೆ, ಸೋಪು, ಟವೆಲ್, ಬಿಚ್ಚಿದ ಕೂದಲು ಯಾವುದೂ ನೀರಿಗೆ ತಾಗಬಾರದು ಅಂತ ನಿಯಮ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ.

ನಿಮಗೆ ಬೇಕಾದದ್ದು ಕಾಶಿಕಿರಿ, ಅಂದರೆ ಒಂದು ಮನೆಯವರಿಗೆ ಮಾತ್ರ ಅಂತ ಬಾಡಿಗೆಗೆ ಕೊಡುವ ಸ್ನಾನದ ಕೋಣೆ. ಸಾಮಾನ್ಯವಾಗಿ 45 ನಿಮಿಷದಿಂದ ಒಂದು ತಾಸು ಕೊಡ್ತಾರೆ, ಒಳಗಿಂದ ಚಿಲಕ ಹಾಕಿಕೊಳ್ಳಬಹುದು. ಹೋಟೆಲು ಮುಟ್ಟಿದ ಕೂಡಲೇ ಕೌಂಟರಿನಲ್ಲಿ ಹೊತ್ತು ಬರೆಸಿರಿ, ಸಂಜೆ 5ರಿಂದ 8ರ ಹೊತ್ತು ಮೊದಲು ಮುಗೀತದೆ. ಮೈಮೇಲೆ ಹಚ್ಚೆ ಇದ್ದವರಿಗೂ ಇದೇ ದಾರಿ, ಬಹಳ ಸಾರ್ವಜನಿಕ ತೊಟ್ಟಿಗಳಲ್ಲಿ ಹಚ್ಚೆಯವರನ್ನು ಬಿಡಲ್ಲ. ಅವ್ವಾರ ಮುಂಗೈ ಮೇಲೆ ಹಳೇ ಕಾಲದ ಹಚ್ಚೆ ಇದ್ದರೆ ಮೊದಲೇ ಕೇಳಿಕೊಳ್ಳಿರಿ.

ಬೆಳ್ಳಿ ಕಪ್ಪಾಗುವುದು ಖರೇ. ನೀರಿನಲ್ಲಿರುವ ಗಂಧಕದ ಅನಿಲ ಬೆಳ್ಳಿ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕಟ್ಟಿಸ್ತದೆ. ನೀರಲ್ಲಿ ಮುಳುಗಿಸಬೇಕಂತಿಲ್ಲ, ಆ ಕೋಣೆಯ ಹಬೆ ಸಾಕು. ಝಾವೊ ನೀರು ಗಂಧಕದ್ದು ಅಷ್ಟೇ ಅಲ್ಲ, ಪಿಎಚ್ 2ಕ್ಕಿಂತ ಕಡಿಮೆ, ನಿಂಬೆ ರಸದಷ್ಟು ಹುಳಿ. ನೊಜಾವಾದ್ದು ಹುಳಿ ಇಲ್ಲ, ಆದರೆ ಗಂಧಕ ಅದರಲ್ಲೂ ಇದೆ. ಯುಜಾವಾದಲ್ಲಿ ಸ್ಟೇಷನ್ ಹತ್ತಿರದ ಹೋಟೆಲುಗಳದ್ದು ಹೆಚ್ಚಾಗಿ ತಿಳಿ ನೀರು. ಪ್ರತಿ ಸ್ನಾನದ ಮನೆಯ ಗೋಡೆಗೆ ನೀರಿನ ಪರೀಕ್ಷೆಯ ಹಾಳೆ ಅಂಟಿಸಿರಬೇಕು, ಅಲ್ಲಿನ ಕಾನೂನು. ಮೊಬೈಲ್ ಕ್ಯಾಮೆರಾ ಅನುವಾದದಲ್ಲಿ ಗಂಧಕ ಅಂತ ಬಂದರೆ ಬೆಳ್ಳಿ ಹೊರಗಿಡಬೇಕು.

ಕಾಲುಂಗುರದ ಕಪ್ಪು ತೆಗೆಯುವುದು ಕಷ್ಟವಲ್ಲ. ಪಾತ್ರೆ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಎರಡು ಚಮಚ ಅಡುಗೆ ಸೋಡಾ, ಮೇಲೆ ಕುದಿ ನೀರು. ಬೆಳ್ಳಿ ಫಾಯಿಲಿಗೆ ತಾಗುವ ಹಾಗೆ ಐದು ನಿಮಿಷ ಬಿಟ್ಟರೆ ಗಂಧಕ ಬೆಳ್ಳಿ ಬಿಟ್ಟು ಅಲ್ಯುಮಿನಿಯಂ ಹಿಡೀತದೆ. ಹರಳು ಕೂರಿಸಿದ ಒಡವೆಗೆ ಇದು ಬೇಡ.

ಅಪ್ಪಾರ ಕರಡಿಗೆ ಮಾತ್ರ ಬೇರೆ ಮಾತು. ಅದನ್ನು ಲಾಕರಿನಲ್ಲಿಟ್ಟು ಹೋಗಿರಿ ಅಂತ ಯಾರೂ ಹೇಳಬಾರದು. ಊರು ಬಿಡುವ ಮುಂಚೆ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳಲಿ, ಬೆಳ್ಳಿ ಕರಡಿಗೆ ಮನೆಯ ಜಗಲಿ ಮೇಲಿರಲಿ. ವಸ್ತ್ರ ಕಟ್ಟಿಕೊಂಡು ಸಾರ್ವಜನಿಕ ತೊಟ್ಟಿಗೆ ಇಳಿದರೆ ಅಲ್ಲಿನವರು ಬಟ್ಟೆ ಅಂತ ತಡೀತಾರೆ. ಕಾಶಿಕಿರಿಯಲ್ಲಿ ಎದೆಯ ಕೆಳಗಿನವರೆಗೆ ಮಾತ್ರ ನೀರಿನಲ್ಲಿ ಕೂತರೆ ವಸ್ತ್ರ ನೆನೆಯಲ್ಲ, ಬಿಪಿ ಇದ್ದವರಿಗೆ ಎದೆ ಮೇಲೆ ನೀರಿನ ಒತ್ತಡವೂ ಕಡಿಮೆ.

ಬಿಪಿಯವರಿಗೆ ಅಪಾಯ ಬಿಸಿನೀರಿನಲ್ಲಷ್ಟೇ ಇಲ್ಲ, ಬಟ್ಟೆ ಬಿಚ್ಚುವ ತಣ್ಣನೆ ಕೋಣೆಯಲ್ಲೂ ಇದೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರ್ತದೆ, ಬಿಸಿನೀರಿಗಿಳಿದರೆ ಸಡಿಲಾಗಿ ಜರ್ರನೆ ಇಳೀತದೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರ್ತದೆ. ಅದಕ್ಕೆ ಮೊದಲು ಪಾದ, ಆಮೇಲೆ ಮೊಣಕಾಲು, ಸೊಂಟ, ಭುಜ, ಹೀಗೆ ತಂಬಿಗೆಯಿಂದ ನೀರು ಹಾಕಿಕೊಂಡೇ ಇಳೀಬೇಕು. 42 ಡಿಗ್ರಿ ಮೀರಿದ ನೀರು ಬೇಡ, ಐದು ನಿಮಿಷಕ್ಕಿಂತ ಹೆಚ್ಚು ಬೇಡ, ಏಳುವಾಗ ಕಟ್ಟೆ ಮೇಲೆ ಕೂತು ಆಮೇಲೆ ನಿಲ್ಲಬೇಕು. ಊಟ ಆದ ಕೂಡಲೇ ಹೋಗಬಾರದು. ಹೊರಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಕೇಳಿರಿ. ಝಾವೊ ನೀರು ಕಣ್ಣಿಗೆ ಹಾಕಬೇಡಿ, ಎದ್ದ ಮೇಲೆ ಸಾದಾ ನೀರಿನಿಂದ ತೊಳೆದುಕೊಳ್ಳಿ. ಗಂಧಕದ ಕೋಣೆಯ ಕಿಟಕಿಯನ್ನು ಚಳಿ ಅಂತ ಮುಚ್ಚಬೇಡಿ, ಆ ಅನಿಲ ಹೊರಗೆ ಹೋಗಲಿ ಅಂತಲೇ ತೆರೆದಿರ್ತಾರೆ.

ಊಟ: ಜಪಾನಿನಲ್ಲಿ ತರಕಾರಿ ಊಟ ಅಂದರೂ ಸಾರಿನಲ್ಲಿ ಮೀನು ಇರ್ತದೆ. ದಾಶಿ ಎಂಬ ರಸ ಕತ್ಸುವೊ ಮೀನಿನ ಹೆರಕಲಿಂದ ಮಾಡಿದ್ದು, ಮಿಸೊ ಸಾರಿಗೂ ಸೋಬಾ ನೂಡಲ್ಸಿಗೂ ಅದೇ ಬುನಾದಿ. ಹೇಳಬೇಕಾದ ಮಾತು: "ನಿಕು ತೊ ಸಕಾನಾ ತೊ ತಮಾಗೊ ತೊ ಕತ್ಸುವೊ ದಾಶಿ ವಾ ತಾಬೆರಾರೆಮಾಸೆನ್." ಮಾಂಸ, ಮೀನು, ಮೊಟ್ಟೆ, ಕತ್ಸುವೊ ದಾಶಿ ತಿನ್ನಲಾಗದು ಅಂತ. ಇದನ್ನು ಬುಕಿಂಗ್ ಮಾಡುವಾಗಲೇ ಬರೆದು ಕಳಿಸಿ, ಅಲ್ಲಿ ಹೋಗಿ ಹೇಳಿದರೆ ಅಡುಗೆಯವರಿಗೆ ಮಾಡಲು ಆಗಲ್ಲ. ಒಪ್ಪದಿದ್ದರೆ ಸುದೊಮಾರಿ ಅಂತ ತಗೊಳ್ಳಿ, ಊಟ ಇಲ್ಲದ ಬರೀ ಕೋಣೆ, ಬಾಡಿಗೆಯೂ ಇಳೀತದೆ.

ಖಡಕ್ ರೊಟ್ಟಿ ಒಯ್ಯಿರಿ. ಒಬ್ಬರಿಗೆ ದಿನಕ್ಕೆ ಮೂರು ಅಂತ ಹಿಡಿದು ಸ್ಟೀಲ್ ಡಬ್ಬಿಯಲ್ಲಿ, ಚೀಲದಲ್ಲಿಟ್ಟರೆ ಪುಡಿ ಆಗ್ತಾವೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಹುರಿದು ಕುಟ್ಟಿದ್ದು, ಅದಕ್ಕೆ ತೊಂದರೆ ಇಲ್ಲ. ಹಸಿಮೆಣಸಿನಕಾಯಿ, ಕರಿಬೇವು, ಹಣ್ಣು, ಹಸಿ ತೊಗರಿಬೇಳೆ, ಅಕ್ಕಿ ಬೇಡವೇ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಗೋತಾರೆ. ಅನ್ನ ಅಲ್ಲಿನ ಅಂಗಡಿಗಳಲ್ಲೇ ಸಿಗ್ತದೆ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬೇಯಿಸಿಟ್ಟದ್ದು, ಮೈಕ್ರೋವೇವಿನಲ್ಲಿ ಎರಡು ನಿಮಿಷ. ನಮ್ಮ ಕರೆಂಟ್ ಕೆಟಲ್ ಒಯ್ಯಬೇಡಿ. ಅಲ್ಲಿ 100 ವೋಲ್ಟ್, ನಮ್ಮ 230 ವೋಲ್ಟಿನ ಕೆಟಲ್ಲಿಗೆ ಐದರಲ್ಲಿ ಒಂದು ಪಾಲು ಶಾಖವೂ ಬರಲ್ಲ. ಕೋಣೆಯಲ್ಲಿ ಅವರದೇ ಇರ್ತದೆ.

ತಿಂಥಣಿ ಸೇತುವೆ, ಯಾದಗಿರಿ

ತಮ್ಮನೋರಿಗೆ ಬೂಟಿನ ಮಾತು ಹೇಳ್ತೀನಿ, ಮೊದಲ ದಿನ ಕೆಡೋದು ಅಲ್ಲೇ. ಬೂಟು, ಸ್ಕೀ, ಕೋಲು ಸೇರಿ ದಿನಕ್ಕ 5ರಿಂದ 7 ಸಾವಿರ ಯೆನ್. ಜಾಕೀಟು, ಪ್ಯಾಂಟೂ ಬಾಡಿಗಿ ಸಿಗ್ತಾವ. ಕೈಗವಸು, ಟೊಪ್ಪಿಗಿ, ಹಿಮದ ಕನ್ನಡಕ (ಗಾಗಲ್) ಬಹಳ ಕಡಿ ಕೊಂಡ್ಕೋಬೇಕು.

ಅಳತಿ ಸೆಂಟಿಮೀಟರಿನಾಗ ಕೇಳ್ತಾರ. ಗ್ವಾಡಿಗೆ ಹಿಮ್ಮಡಿ ಹಚ್ಚಿ ನಿಂತು, ಉದ್ದನ ಬೆರಳ ತುದೀತನಕ ಅಳದು ಬರಕೊಂಡು ಹೋಗ್ರಿ. ಉಣ್ಣಿ ಕಾಲುಚೀಲ ಒಂದೇ ಜೋಡಿ ಹಾಕ್ರಿ. ಚಳಿ ಅಂತ ಎರಡು ಹಾಕಿದ್ರ ರಕ್ತ ಓಡದೇ ಕಾಲು ಇನ್ನಷ್ಟು ತಣ್ಣಗಾಗ್ತಾವ. ಒಳಗ ಹಾಕೋ ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗ ಹೋಗಬಾರ್ದು, ಅದರ ಮಡಿಕಿ ಎರಡು ತಾಸಿನಾಗ ಮೊಣಕಾಲ ಕೆಳಗ ಎಲುಬಿಗೆ ಒತ್ತಿ ಕೆಂಪಗ ಬಾವು ಮಾಡ್ತದ. ಬೂಟು ಹಾಕ್ಕೊಂಡು ಹಿಮ್ಮಡಿ ಎರಡು ಸಲ ನೆಲಕ್ಕ ಕುಟ್ಟಿ, ಮೊಣಕಾಲು ಮುಂದ ಬಗ್ಗಿಸಿ, ಮೊದಲು ಹಿಂಬಡದ ಮ್ಯಾಲಿನ ಬಕಲ್, ಆಮ್ಯಾಲ ಕಣಕಾಲಿಂದು, ಕಡೀಗೆ ಬೆರಳ ಮ್ಯಾಲಿಂದು ಸಡಿಲಾಗಿ. ನೆಟ್ಟಗ ನಿಂತಾಗ ಬೆರಳು ಮುಂದ ತಾಗಬೇಕು, ಬಗ್ಗಿದಾಗ ಹಿಂದ ಸರೀಬೇಕು. ಬಗ್ಗಿದಾಗ ಹಿಮ್ಮಡಿ ಎದ್ರ ಬೂಟು ದೊಡ್ಡದು.

ಅರ್ಜಿಯೊಳಗ ತೂಕ ಕೇಳ್ತಾರ, ಇದ್ದದ್ದೇ ಬರೀರಿ. ಬೂಟನ್ನ ಸ್ಕೀಗೆ ಹಿಡದಿಡೋ ಬೈಂಡಿಂಗಿನ ಸ್ಪ್ರಿಂಗು ಆ ತೂಕಕ್ಕೇ ತಿರುವ್ತಾರ. ಕಡಿಮಿ ಬರದ್ರ ಸುಮ್ಮಸುಮ್ಮನೇ ಬಿಚ್ಚತದ. ಜಾಸ್ತಿ ಬರದ್ರ ಬಿದ್ದಾಗ ಬಿಚ್ಚಂಗಿಲ್ಲ, ಕಾಲು ತಿರುಚಿ ಮೊಣಕಾಲ ಲಿಗಮೆಂಟು ಹರೀತದ. ಸ್ಕೀ ಉದ್ದ ಹೊಸಬರಿಗೆ ಗದ್ದದ ಮಟ್ಟಕ್ಕ ಸಾಕು. ಬೂಟಿನ ತಳಕ್ಕ ಹಿಮ ಮೆತ್ತಿದ್ರ ಬೈಂಡಿಂಗ್ ಕೂಡಂಗಿಲ್ಲ, ಕೋಲಿನಿಂದ ಕೆರದು ತೆಗೀರಿ.

ಒಳಗ ಹತ್ತಿ ಬನಿಯನ್ ಬ್ಯಾಡ. ಬೆವರು ಹೀರಿ ಹಸೀನೇ ಇರ್ತದ, ಲಿಫ್ಟಿನಾಗ ಕೂತಾಗ ಮೈ ಗಡಗಡ ನಡಗ್ತದ. ಕನ್ನಡಕ ಹಣಿ ಮ್ಯಾಲ ಏರಸಬ್ಯಾಡ್ರಿ, ಬೆವರಿನ ಹಬಿ ಹೊಕ್ಕು ಮಂಜಾಗ್ತದ. ಮೊದಲ ದಿನ ಕೋಚ್ ಇಟ್ಕೊಂಡು ಅರ್ಧ ದಿನದ ಟಿಕೆಟ್ ಸಾಕು. ಮಧ್ಯಾಹ್ನ ಎರಡರ ಮ್ಯಾಲ ತೊಡಿ ಸೋತಿರ್ತಾವ, ಹೊಸಬರು ಬೀಳೋದು ಆವಾಗೇ. ಹಗ್ಗ ಕಟ್ಟಿದ ಆಚೆ ಕಾಲಿಡಬ್ಯಾಡ್ರಿ, ಗಿಡದ ಬುಡದಾಗ ಹಿಮ ಪೊಳ್ಳಿರ್ತದ. ಟ್ರಾವೆಲ್ ಇನ್ಶೂರೆನ್ಸಿನಾಗ ಸ್ಕೀಯಿಂಗ್ ಸೇರಸೀರೇನು ಅಂತ ಓದಿ ನೋಡ್ರಿ, ಸಾದಾ ಪಾಲಿಸಿಯೊಳಗ ಬಹಳ ಸಲ ಇರಂಗಿಲ್ಲ.

ಬರೀದಶಾಹಿ, ಬೀದರ್

ಹೋಗುವ ದಾರಿ. ಬೆಂಗಳೂರಿನಿಂದ ನಾರಿತಾಕ್ಕೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಇದೆ. ಹೈದರಾಬಾದ್ ಕಲಬುರಗಿಗೆ ಹತ್ತಿರ, ಆದರೆ ಅಲ್ಲಿಂದ ಸಿಂಗಪುರವೋ ಬ್ಯಾಂಕಾಕೋ ಎಲ್ಲಾದರೂ ಇಳಿದು ಹತ್ತಬೇಕು. ಮೊಣಕಾಲು ನೋವಿನವರಿಗೆ ನಡುರಾತ್ರಿ ಆ ಓಡಾಟ ಬೇಡ. ರೈಲಿನಲ್ಲಿ ಬೆಂಗಳೂರಿಗೆ ಹಿಂದಿನ ದಿನವೇ ಹೋಗಿ. ಗಾಲಿಕುರ್ಚಿ ಟಿಕೆಟ್ ಮಾಡಿಸುವಾಗಲೇ ಕೇಳಿ.

ವೀಸಾ ವಿಎಫ್‌ಎಸ್ ಎಂಬ ಅರ್ಜಿ ಕೇಂದ್ರದ ಮೂಲಕ. ದಿನವಾರು ಕಾರ್ಯಕ್ರಮದ ಹಾಳೆ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿಆರ್ ಬೇಕು. ಹಾಳೆಯಲ್ಲಿರುವ ಹೋಟೆಲೂ ಬುಕಿಂಗ್ ಮಾಡಿದ ಹೋಟೆಲೂ ಒಂದೇ ಇರಲಿ. ಇ-ವೀಸಾ ಬಂದರೆ ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಇರುವ ಫೋನಿನಲ್ಲಿ ಆ ಪುಟವನ್ನೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟಾಗಲೀ ಪ್ರಿಂಟಾಗಲೀ ನಡೆಯುವುದಿಲ್ಲ.

ದೊಡ್ಡ ಸೂಟ್‌ಕೇಸುಗಳನ್ನು ನಾರಿತಾದಲ್ಲೇ ತಾಕ್ಯುಬಿನ್ ಕೌಂಟರಿಗೆ ಕೊಡಿ, ಮರುದಿನವೋ ಅದರಾಚೆ ದಿನವೋ ಯುಜಾವಾ ಹೋಟೆಲಿಗೆ ಮುಟ್ಟಿಸುತ್ತಾರೆ. ಗುಳಿಗೆ, ಎರಡು ರಾತ್ರಿಯ ಬಟ್ಟೆ ಕೈಚೀಲದಲ್ಲಿರಲಿ.

ಗುಡಿ ಓಣಿ, ಕಲಬುರಗಿ

ಯುಜಾವಾ ಮೂರು ರಾತ್ರಿ, ಝಾವೊ ಎರಡು, ಪಕ್ಕಾ ಮಾಡ್ತೀವಿ. ಹೋಟೆಲಿಗೆ ಇಂದೇ ಬರೀತೀನಿ. ಕಾಶಿಕಿರಿ, ಊಟ ಬಿಟ್ಟು ಇನ್ನೇನರ ಕೇಳಬೇಕೇನ್ರಿ?

ಆಳಂದ ನಾಕಾ

ಮೂರು ಕೇಳಿರಿ. ಮಲಗಲು ಮಂಚ: ಜಪಾನಿ ಕೋಣೆಯಲ್ಲಿ ಚಾಪೆ ಮೇಲೆ ಫುತೋನ್ ಹಾಸ್ತಾರೆ, ಅವ್ವಾರಿಗೆ ನೆಲದಿಂದ ಏಳಲು ಆಗಲ್ಲ. ಊಟದ ಮನೆಯಲ್ಲಿ ಇಸು, ಅಂದರೆ ಕುರ್ಚಿ. ಮತ್ತೆ ಸ್ನಾನದ ತೊಟ್ಟಿಗೆ ತೆಸುರಿ, ಅಂದರೆ ಹಿಡಿದುಕೊಳ್ಳುವ ಕಂಬಿ. ತೆಸುರಿ ಇದೆ ಅಂದರೆ ಫೋಟೊ ಕಳಿಸಲು ಹೇಳಿರಿ. ಕೆಲವು ಕಡೆ ಬಾಗಿಲಿಗಷ್ಟೇ ಕಂಬಿ ಇರ್ತದೆ, ತೊಟ್ಟಿಯೊಳಗೆ ಇಳಿಯುವ ಮೆಟ್ಟಿಲಿಗೆ ಇರಲ್ಲ.